ಹುತ್ತಕ್ಕೆ ಬಾಲ ಬಂದದ್ದು

ದಾರಿ ಮುಗಿಯುವ ಕಡೆ ಒಂದು ಊರಿದೆ. ಊರಿಗೆ ಕೆಂಪು ಮಣ್ಣಿನ ಗೋಡೆ, ಗೋಡೆಗೆ ಒಂದೇ ಬಾಗಿಲು, ಬಾಗಿಲಲ್ಲಿ ಒಂದೇ ಪ್ರಶ್ನೆ. ಎಲ್ಲಿಂದ ಬಂದಿರಿ ಎಂದು ಅಲ್ಲಿ ಕೇಳುವುದಿಲ್ಲ. ಎಷ್ಟು ದಿನ ಇರುತ್ತೀರಿ ಎಂದು ಕೇಳುವುದಿಲ್ಲ. ಆನೆ ಕಂಡಿರಾ, ಜಿರಾಫೆ ಕಂಡಿರಾ ಎಂದೂ ಕೇಳುವುದಿಲ್ಲ. ಸಿಂಹ ಕಂಡಿರಾ ಎಂದು ಕೇಳುತ್ತಾರೆ. ಕಂಡವರು ಒಳಗೆ, ಕಾಣದವರು ಹೊರಗೆ. ಒಂದು ಲಾರಿಯಲ್ಲಿ ಬಂದವರ ಪೈಕಿ ಒಬ್ಬರು ಕಂಡಿಲ್ಲ ಎಂದರೂ ಇಡೀ ಲಾರಿ ಹೊರಗೆ. ಈ ಕಟ್ಟಳೆ ಮಾಡಿದವರು ಯಾರು ಎಂದು ಆ ಊರಿನವರಿಗೇ ಗೊತ್ತಿಲ್ಲ. ಅದಕ್ಕೆ ಎದುರು ನಿಂತವರು ಯಾರು ಎಂಬುದು ನನಗೆ ಗೊತ್ತು, ಏಕೆಂದರೆ ಅವರ ಪಕ್ಕದ ಸೀಟಿನಲ್ಲಿ ನಾನು ಕೂತಿದ್ದೆ. ಮೊದಲು ಎದುರು ನಿಂತವನು ನಾನಲ್ಲ. ಅದನ್ನು ಈಗಲೇ ಹೇಳಿಬಿಡುವುದು ವಾಸಿ.

ಆಫ್ರಿಕಾ ಎಂದು ನಕ್ಷೆಯಲ್ಲಿ ಬರೆದಿರುವ ಆ ದೊಡ್ಡ ನೆಲದ ಮೇಲಿನ ತುದಿಯಲ್ಲಿ ನಾವು ಲಾರಿ ಹತ್ತಿದ್ದೆವು, ಕೆಳಗಿನ ತುದಿಯಲ್ಲಿ ಇಳಿಯುವವರಿದ್ದೆವು. ಹಿಂದೆ ಎದುರುಬದುರು ಎರಡು ಸಾಲು ಸೀಟು, ತಲೆಯ ಮೇಲೆ ಟಾರ್ಪಾಲು. ಮರಳುಗಾಡು ದಾಟಿದೆವು, ನೀರುಕುದುರೆಗಳ ನದಿ ದಾಟಿದೆವು, ಬೇರು ಮೇಲೆ ಮಾಡಿ ನೆಟ್ಟ ಹಾಗೆ ಕಾಣುವ ದಪ್ಪ ಮರಗಳ ನಾಡು ದಾಟಿದೆವು. ಬೆಳಗಾದರೆ ಗುಡಾರ ಬಿಚ್ಚು, ಲಾರಿ ಹತ್ತು. ಸಂಜೆಯಾದರೆ ಲಾರಿ ಇಳಿ, ಗುಡಾರ ಕಟ್ಟು. ಎಂಟು ತಿಂಗಳು ಹೀಗೆ ನಡೆಯಿತು.

ಕೊನೆಯ ಹತ್ತು ದಿನಗಳ ಹೊತ್ತಿಗೆ ನಾವು ಹೊರಗೆ ನೋಡುವುದನ್ನೇ ಬಿಟ್ಟಿದ್ದೆವು. ಮೊದಲ ಜಿರಾಫೆ ಕಂಡ ದಿನ ಎಲ್ಲರೂ ಒಂದೇ ಕಡೆಗೆ ನುಗ್ಗಿ ಲಾರಿ ವಾಲಿತ್ತು. ಈಗ ದಾರಿಯ ಪಕ್ಕ ಹನ್ನೆರಡು ಜಿರಾಫೆ ಸಾಲಾಗಿ ನಿಂತು ನಮ್ಮನ್ನೇ ನೋಡಿದರೂ ಯಾರೂ ಕತ್ತು ಎತ್ತುತ್ತಿರಲಿಲ್ಲ. "ಜಿರಾಫೆ" ಎಂದು ಒಬ್ಬರು ಹೇಳುವರು, "ಹೂಂ" ಎಂದು ಇನ್ನೊಬ್ಬರು ಅನ್ನುವರು, ಅಲ್ಲಿಗೆ ಜಿರಾಫೆಯ ವಿಷಯ ಮುಗಿಯಿತು. ಧೂಳು ಹಲ್ಲಿನ ಸಂದಿಯಲ್ಲಿ ಮನೆ ಮಾಡಿತ್ತು. ಗುಡಾರಗಳ ಜಿಪ್ಪು ಕಿತ್ತುಹೋಗಿ ಪಿನ್ನು ಚುಚ್ಚಿ ಮಲಗುತ್ತಿದ್ದೆವು. ಊಟಕ್ಕೆ ಮೆಕ್ಕೆಜೋಳದ ಮುದ್ದೆ, ಎಲೆಕೋಸು. ಮರುದಿನ ಬದಲಾವಣೆ ಬೇಕೆಂದರೆ ಎಲೆಕೋಸು, ಮೆಕ್ಕೆಜೋಳದ ಮುದ್ದೆ. ಈರುಳ್ಳಿ ಹೆಚ್ಚುವ ಸರದಿ ಯಾರದು ಎಂದು ಶುರುವಾದ ಜಗಳ ಎರಡು ಗಡಿ ದಾಟಿ ನಮ್ಮ ಜೊತೆಗೇ ಬಂದಿತ್ತು. ನಮಗೆ ಬೇಕಾಗಿದ್ದು ಒಂದು ಹಾಸಿಗೆ, ಹಾಕಿಕೊಳ್ಳಲು ಬಾಗಿಲಿರುವ ಒಂದು ಕೋಣೆ, ಒಂದು ಹಂಡೆ ಬಿಸಿನೀರು. ಅದು ಬಿಟ್ಟು ಲೋಕದಲ್ಲಿ ಇನ್ನೇನಾದರೂ ಇದೆ ಎಂಬುದೇ ನಮಗೆ ಮರೆತುಹೋಗಿತ್ತು.

ಇಷ್ಟರಲ್ಲೂ ಒಂದು ನೇಮ ಮಾತ್ರ ತಪ್ಪಿರಲಿಲ್ಲ. ಅದು ತಟ್ಟೆ ಬೀಸುವ ನೇಮ. ತೊಳೆದ ತಟ್ಟೆಯನ್ನು ಬಟ್ಟೆಯಲ್ಲಿ ಒರೆಸಲು ನಮ್ಮ ಅಡುಗೆಯಮ್ಮ ಬಿಡುತ್ತಿರಲಿಲ್ಲ. "ಒರ್ಸೋ ಬಟ್ಟೆ ಅಂದ್ರೆ ಹೊಟ್ಟೆನೋವಿನ ತವರುಮನೆ" ಎನ್ನುವಳು. ಹಾಗಾಗಿ ದಿನಾ ಊಟವಾದ ಮೇಲೆ ನಾವೆಲ್ಲ ಸುತ್ತ ನಿಂತು, ಒಂದೊಂದು ಕೈಗೆ ಒಂದೊಂದು ಒದ್ದೆ ತಟ್ಟೆ ಹಿಡಿದು, ಗಾಳಿಯಲ್ಲಿ ಬೀಸುತ್ತಿದ್ದೆವು. ಮೇಲೆ, ಕೆಳಗೆ, ಮೇಲೆ, ಕೆಳಗೆ. ದೂರದಿಂದ ನೋಡಿದವರಿಗೆ ಹಾರಲಾರದ ಕೊಕ್ಕರೆಗಳ ಹಾಗೆ ಕಾಣುತ್ತಿದ್ದಿರಬೇಕು. ಅಡುಗೆಯಮ್ಮ ಬೆರಳಿನ ಹಿಂಬದಿಯಿಂದ ಒಂದೊಂದು ತಟ್ಟೆ ಮುಟ್ಟಿ ನೋಡಿ ಪೆಟ್ಟಿಗೆಗೆ ಹಾಕುವಳು.

ಒಬ್ಬರ ತಟ್ಟೆಯನ್ನು ಮಾತ್ರ ಅವಳು ಮುಟ್ಟಿ ನೋಡುತ್ತಿರಲಿಲ್ಲ. ಅದು ಅಜ್ಜಿಯ ತಟ್ಟೆ. ಲಾರಿಯಲ್ಲಿ ಎಲ್ಲರಿಗಿಂತ ಹಿರಿಯರು, ಅರವತ್ತೆಂಟು ವರ್ಷ, ಎಡಗಾಲಿನ ಮಂಡಿ ಊದಿಕೊಂಡಿತ್ತು. ನಾವೆಲ್ಲ ನಾಲ್ಕು ಸಲ ಬೀಸಿ ಕಳ್ಳತನದಿಂದ ಅಂಗಿಗೆ ಒರೆಸಿ ಕೊಡುವವರು. ಅಜ್ಜಿ ಹಾಗಲ್ಲ. ಬೀಸಿ, ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಒಂದು ಹನಿ ಕಂಡರೆ ಮತ್ತೆ ಬೀಸುವರು. "ಒಣಗಿದೆ ಅಂತ ಕೊಟ್ಟ ಮೇಲೆ ಒಣಗಿರಬೇಕಲ್ಲಪ್ಪ" ಎಂದು ನನಗೆ ಹೇಳಿದ್ದರು. ಇದೇನು ಮಹಾ ಎಂದು ನಾನು ಆಗ ನಕ್ಕಿದ್ದೆ.

ಸಿಂಹದ ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳಲ್ಲಿ ನಾವು ಸಿಂಹ ಕಂಡಿರಲಿಲ್ಲ. ಆನೆ ಕಂಡಿದ್ದೆವು, ಘೇಂಡಾಮೃಗ ಕಂಡಿದ್ದೆವು, ಕೊಂಬೆಯ ಮೇಲೆ ಮಲಗಿದ ಚಿರತೆಯ ಬಾಲ ಕಂಡಿದ್ದೆವು. ಸಿಂಹ ಇಲ್ಲ. ದಾರಿ ಮುಗಿಯಲು ಹನ್ನೊಂದು ದಿನ ಇರುವಾಗ, ಒಂದು ಮಧ್ಯಾಹ್ನ, ಹಳದಿ ಹುಲ್ಲಿನ ಬಯಲಿನಲ್ಲಿ ಡ್ರೈವರ್ ಲಾರಿ ನಿಲ್ಲಿಸಿದ. ಎಂಜಿನ್ ಆರಿಸಿದ. ಮಾತಾಡದೆ ಬೆರಳು ತೋರಿಸಿದ. ಹುಲ್ಲಿನ ನಡುವೆ, ಬಹಳ ದೂರದಲ್ಲಿ, ಕಂದು ಬಣ್ಣದ್ದು ಏನೋ ಕೂತಿತ್ತು. ನಾವು ಉಸಿರು ಬಿಗಿಹಿಡಿದು ನೋಡಿದೆವು. ಒಂದು ಗಂಟೆ ನೋಡಿದೆವು. ಅದು ಅಲ್ಲಾಡಲಿಲ್ಲ. ಎರಡನೆಯ ಗಂಟೆಯೂ ನೋಡಿದೆವು.

"ಅದು ಹುತ್ತ" ಎಂದರು ಅಜ್ಜಿ.

ಡ್ರೈವರ್‌ಗೆ ಅವಮಾನವಾಯಿತು. ನಮ್ಮಲ್ಲಿ ಒಬ್ಬ ಕ್ಯಾಮೆರಾದವನಿದ್ದ, ಅವನು ಒಂದು ಚಿತ್ರ ತೆಗೆದುಕೊಂಡ. ಲಾರಿ ಹೊರಟಿತು. ಲಾರಿಯ ದಿನಚರಿ ಬರೆಯುವ ಕೆಲಸ ನನ್ನದು. ಅವತ್ತಿನ ಪುಟದಲ್ಲಿ ಬರೆದೆ: ಮಧ್ಯಾಹ್ನ, ಹುತ್ತ ಒಂದು.

ಆದರೆ ಮುಂದಿನ ಊರಿನ ಕಟ್ಟಳೆ ನಮಗೆ ಗೊತ್ತಿತ್ತು, ದಿನ ಕಳೆದ ಹಾಗೆ ಆ ಹುತ್ತ ನಮ್ಮ ಲಾರಿಯಲ್ಲಿ ಬೆಳೆಯತೊಡಗಿತು. ಎರಡನೆಯ ದಿನ ಅಡುಗೆಯಮ್ಮ, "ಅದು ಸ್ವಲ್ಪ ಅಲ್ಲಾಡಿದ ಹಾಗಿತ್ತು, ಅಲ್ವಾ?" ಎಂದಳು. ಮೂರನೆಯ ದಿನ ಅದು ತಿರುಗಿ ನೋಡಿತ್ತು. ನಾಲ್ಕನೆಯ ದಿನ ಕ್ಯಾಮೆರಾದವನಿಗೆ ಕಿವಿ ನೆನಪಾಯಿತು. ಬಾಲ ಇತ್ತು ಎಂದವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಬೆನ್ನು ನೋಯುತ್ತಿತ್ತು, ಮಳೆಯಲ್ಲಿ ನೆನೆದ ಗುಡಾರ ನಾರುತ್ತಿತ್ತು, ಬಾಯಿಗೆ ಬಾಲ ಬಂತು. ಹೇಳಿದ ಮೇಲೆ ಅದು ಆಡುವುದೂ ನನಗೆ ಕಾಣಿಸಿತು. ಅವತ್ತು ದಿನಚರಿ ತೆಗೆದು ಹುತ್ತ ಎಂಬುದನ್ನು ಹೊಡೆದುಹಾಕಿ ಸಿಂಹ ಎಂದು ಬರೆದೆ. ಪೆನ್ನಿನ ಮಸಿ ಬೇರೆ ಬಣ್ಣದ್ದಾಗಿತ್ತು.

ಊರಿನ ಗೋಡೆ ಕಾಣಲು ಒಂದು ದಿನ ಇರುವಾಗ ಡ್ರೈವರ್ ನಮ್ಮನ್ನೆಲ್ಲ ಕೂಡಿಸಿ ಪಾಠ ಹೇಳಿಕೊಟ್ಟ. "ಬಾಗಿಲವನು ಒಂದು ಕೇಳ್ತಾನೆ, ಕಂಡೆ ಅಂದ್ರೆ ಮೇಲೆ ಇನ್ನೆರಡು. ಸಿಂಹ ಕಂಡಿರಾ? ಕಂಡೆ. ಹೇಗಿತ್ತು? ಹಳದಿ. ಏನ್ಮಾಡ್ತು? ಆಕಳಿಸ್ತು. ಇಷ್ಟೇ. ಜಾಸ್ತಿ ಮಾತು ಬೇಡ."

ನಾವು ಮಕ್ಕಳ ಹಾಗೆ ಒಟ್ಟಿಗೆ ಹೇಳಿದೆವು. ಕಂಡೆ. ಹಳದಿ. ಆಕಳಿಸಿತು.

ಅಜ್ಜಿ ತಮ್ಮ ಚೀಲಕ್ಕೆ ಕೈ ಹಾಕಿ ಮಡಿಕೆಯಲ್ಲೇ ಹರಿದುಹೋದ ಒಂದು ಕಾಗದ ತೆಗೆದರು. "ಈ ಮಾತು ನಿಮಗೆ ಯಾರು ಹೇಳಿಕೊಟ್ರು? ಇದು ನಮ್ಮಕ್ಕ ಬರೆದಿದ್ದು" ಎಂದರು.

ನಮಗೆ ವಿಷಯ ತಿಳಿದದ್ದು ಆಗ. ನಲವತ್ತೊಂದು ವರ್ಷದ ಹಿಂದೆ ಅವರ ಅಕ್ಕ ಇಂಥದೇ ಒಂದು ಲಾರಿ ಹತ್ತಿ ಈ ಊರಿಗೆ ಬಂದು ಒಳಗೆ ಹೋಗಿದ್ದರು. ಅಲ್ಲಿಂದ ಬಂದದ್ದು ಒಂದೇ ಕಾಗದ. ಅದರಲ್ಲಿ ಮೂರು ಮಾತು. ಸಿಂಹ ಕಂಡೆ. ಹಳದಿ. ನನ್ನನ್ನು ನೋಡಿ ಆಕಳಿಸಿತು. ಅಜ್ಜಿ ಆ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮದುವೆಯಾಗಿ, ಮಕ್ಕಳನ್ನು ಸಾಕಿ, ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟು, ಕೊನೆಗೆ ಅಕ್ಕನನ್ನು ಒಂದು ಸಲ ನೋಡಬೇಕೆಂದು ಹೊರಟವರು. ಅವರಿಗೆ ಹಾಸಿಗೆಯೂ ಬೇಡ, ಬಿಸಿನೀರೂ ಬೇಡ. ಅಕ್ಕ ಬೇಕಾಗಿತ್ತು.

"ಹಾಗಾದ್ರೆ ಒಳ್ಳೇದೇ ಆಯ್ತು. ನಿಮಗೆ ಮಾತು ಬಾಯಿಪಾಠ ಇದೆ" ಎಂದ ಡ್ರೈವರ್.

"ಮಾತು ಇದೆ. ಸಿಂಹ ಕಂಡಿಲ್ಲವಲ್ಲ" ಎಂದರು ಅಜ್ಜಿ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆವು.

ಮರುದಿನ ಮಧ್ಯಾಹ್ನ ಬಾಗಿಲಿಗೆ ಬಂದೆವು. ಟ್ಯಾಂಕಿನಲ್ಲಿ ಇದ್ದ ಡೀಸೆಲ್ ಅಲ್ಲಿಗೆ ಸರಿಯಾಗಿ ಮುಗಿಯಿತು. ಬಾಗಿಲವನು ಮೂರು ಕಾಲಿನ ಸ್ಟೂಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಬಣ್ಣದ ಮಡಕೆ, ಕುಂಚ. ಒಳಗೆ ಹೋದವರು ತಮಗೆ ಸಿಕ್ಕ ಮನೆಯ ಕದದ ಮೇಲೆ ತಾವು ಕಂಡ ಸಿಂಹವನ್ನು ಬರೆಯಬೇಕು, ಅದೂ ಕಟ್ಟಳೆ. ತೆರೆದ ಬಾಗಿಲಿನಿಂದ ಒಂದು ಬೀದಿ ಕಾಣುತ್ತಿತ್ತು, ಕದಗಳ ಮೇಲೆ ಸಾಲು ಸಾಲು ಸಿಂಹ. ಎಲ್ಲವೂ ಹಳದಿ, ಎಲ್ಲವೂ ಬಾಯಿ ತೆರೆದವು. ಅದು ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ. ಒಂದಕ್ಕೆ ಕೊಂಬಿತ್ತು. ಒಂದು ನಾಯಿಯ ಹಾಗೆ ಮೂತಿ ಚಾಚಿತ್ತು. ಒಂದು ಸಿಂಹ ಮೀಸೆ ತಿರುವಿಕೊಂಡು ಯಾರದೋ ಮಾವನ ಹಾಗೆ ಕೂತಿತ್ತು.

ಒಬ್ಬೊಬ್ಬರಾಗಿ ಮುಂದೆ ಹೋದೆವು. ಅಡುಗೆಯಮ್ಮ ಹೇಳಿದಳು: ಕಂಡೆ, ಹಳದಿ, ಆಕಳಿಸಿತು. ಕ್ಯಾಮೆರಾದವನು ಹೇಳಿದ. ಡ್ರೈವರ್ ಎದೆ ಉಬ್ಬಿಸಿ ಹೇಳಿದ. ನಾನೂ ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಲಿಲ್ಲ, ಅದೇ ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಎಲ್ಲರದೂ ಆಗಿ ಕೊನೆಯವರು ಅಜ್ಜಿ.

"ಸಿಂಹ ಕಂಡಿರಾ?"

"ಇಲ್ಲ. ಒಂದು ಹುತ್ತ ಕಂಡೆ."

ಬಾಗಿಲವನು ಕುಂಚ ಕೆಳಗಿಟ್ಟ. ಅವನಿಗೆ ಕೋಪ ಬರಲಿಲ್ಲ, ಗಾಬರಿಯಾಯಿತು. "ಇನ್ನೊಂದು ಸಲ ಕೇಳ್ತೀನಿ ಅಜ್ಜಿ, ಸಮಾಧಾನವಾಗಿ ಹೇಳಿ. ಸಿಂಹ ಕಂಡಿರಾ?"

"ಇಲ್ಲಪ್ಪ."

ಬಾಗಿಲು ಮುಚ್ಚಿತು. ನಾವು ಗೋಡೆಯ ಹೊರಗೆ, ಮುಳ್ಳುಮರದ ಕೆಳಗೆ, ಅದೇ ನಾರುವ ಗುಡಾರ ಮತ್ತೆ ಕಟ್ಟಿದೆವು. ಆ ಸಂಜೆ ಅಜ್ಜಿಯ ಜೊತೆ ಯಾರೂ ಮಾತಾಡಲಿಲ್ಲ. ಅಡುಗೆಯಮ್ಮ ಅವರ ತಟ್ಟೆಗೆ ಮುದ್ದೆ ಹಾಕಿದಳು, ಮುಖ ನೋಡಲಿಲ್ಲ. ಊಟವಾದ ಮೇಲೆ ಎಲ್ಲರೂ ತಟ್ಟೆ ಬೀಸಿದೆವು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಅಜ್ಜಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಬೀಸಿದರು. ನನಗೆ ಆ ತಟ್ಟೆಯನ್ನು ಕಿತ್ತು ಎಸೆಯಬೇಕು ಎನ್ನಿಸಿತು.

ಎರಡನೆಯ ದಿನವೆಲ್ಲ ಬೇಡಿಕೊಳ್ಳುವುದರಲ್ಲಿ ಹೋಯಿತು. ಡ್ರೈವರ್ ತನ್ನ ಹಿಂದಿನ ಲಾರಿಗಳ ಕಥೆ ಹೇಳಿದ. ಎಷ್ಟೋ ಲಾರಿಗಳು, ಎಷ್ಟೋ ದೊಡ್ಡ ಮನುಷ್ಯರು, ಯಾರೂ ಹೀಗೆ ಹಟ ಹಿಡಿದವರಿಲ್ಲ. ಅಡುಗೆಯಮ್ಮ ಅಳುತ್ತಾ, "ಒಂದು ಬಾಗಿಲು ಹಾಕ್ಕೊಂಡು ಒಂಟಿಯಾಗಿ ಕೂತು ಎಂಟು ತಿಂಗಳಾಯ್ತು ಅಜ್ಜಿ. ಒಂದು ಮಾತಿಗೋಸ್ಕರ ನಮ್ಮನ್ನೆಲ್ಲ ಈ ಮುಳ್ಳಿನ ಕೆಳಗೆ ಕೊಳೆ ಹಾಕ್ತೀರಾ?" ಎಂದಳು. ಆ ಮಾತಿಗೆ ಅಜ್ಜಿಯ ಕಣ್ಣು ತುಂಬಿತು. ಅವರು ಅಡುಗೆಯಮ್ಮನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಆದರೆ ಹೂಂ ಅನ್ನಲಿಲ್ಲ.

ಬಾಗಿಲವನು ಕೂಡ ಬಂದ. ಒಳಗಿನಿಂದ ಒಂದು ಲೋಟ ಟೀ ತಂದು ಅಜ್ಜಿಯ ಕೈಗೆ ಕೊಟ್ಟು, ಸ್ಟೂಲು ಹಾಕಿಕೊಂಡು ಕೂತ.

"ಕಂಡೆ ಅನ್ನೋದು ಕಷ್ಟವಾದ್ರೆ ಬೇಡ ಅಜ್ಜಿ. ಕಂಡ ಹಾಗಾಯ್ತು ಅನ್ನಿ. ನಾನು ಕಂಡೆ ಅಂತ ತಿಳ್ಕೊಳ್ತೀನಿ."

"ಕಂಡ ಹಾಗೂ ಆಗಲಿಲ್ಲ."

"ತಲೆಯಾದ್ರೂ ಆಡಿಸಿ."

"ಈ ವಯಸ್ಸಿಗೆ ತಲೆ ತಾನಾಗೇ ಆಡುತ್ತಪ್ಪ. ಅದನ್ನ ನೀನು ಬರ್ಕೊಂಡುಬಿಟ್ರೆ ಕಷ್ಟ" ಎಂದು ಅಜ್ಜಿ ಲೋಟ ಕೆಳಗಿಟ್ಟು, ಕತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಟೀ ಆರಲು ಬಿಟ್ಟರು.

ಮಧ್ಯಾಹ್ನ ಎಲ್ಲರೂ ಸೋತು ಮಲಗಿದ್ದಾಗ ನಾನು ಅವರ ಪಕ್ಕ ಕೂತೆ. ಕೋಪ ಹತ್ತಿಕ್ಕಿಕೊಂಡು ಕೇಳಿದೆ. "ನಮ್ಮ ವಿಷಯ ಬಿಡಿ. ನಿಮ್ಮ ಅಕ್ಕ ಗೋಡೆ ಆಚೆ ಇದ್ದಾರೆ. ಎಪ್ಪತ್ತಾರು ವರ್ಷ. ಇವತ್ತಿದ್ದವರು ನಾಳೆ ಇರ್ತಾರೋ ಇಲ್ವೋ. ಒಂದು ಸುಳ್ಳಿಗೆ ಅಷ್ಟು ಬೆಲೆ ಇದೆಯಾ?"

ಅಜ್ಜಿ ಮಂಡಿಯನ್ನು ಒತ್ತಿಕೊಂಡರು. "ಅಕ್ಕ ನಿಜವಾಗಿ ಕಂಡವಳು" ಎಂದರು. "ನಾನು ಸುಳ್ಳು ಹೇಳಿ ಒಳಗೆ ಹೋದರೆ ಅವಳು ಮೊದಲು ಕೇಳೋದೇ ಅದನ್ನ. ಪುಟ್ಟಿ, ಸಿಂಹ ಕಂಡ್ಯಾ ಅಂತಾಳೆ. ಅವಳ ಮುಂದೆ ಮತ್ತೊಂದು ಸಲ ಹೇಳಬೇಕು. ಅವಳು ಅದು ಹೇಗಿತ್ತು ಅಂತಾಳೆ, ಮತ್ತೊಂದು ಸಲ ಹೇಳಬೇಕು. ನಲವತ್ತೊಂದು ವರ್ಷ ಕಾದು ಅವಳ ಮುಂದೆ ಹೋಗಿ ಹಾಗೆ ನಿಲ್ಲೋದಾದ್ರೆ, ಇಲ್ಲೇ ಈ ಮುಳ್ಳುಮರದ ಕೆಳಗೆ ಮಲಗ್ತೀನಿ. ನನಗೇನು ಅಕ್ಕ ಬೇಡ್ವಾ? ನಿಮ್ಮೆಲ್ಲರಿಗಿಂತ ಒಳಗೆ ಹೋಗೋ ಆಸೆ ನನಗೇ ಜಾಸ್ತಿ ಇದೆ ಕಣಪ್ಪ."

ನಾನು ಎದ್ದು ಹೋಗಿ ದಿನಚರಿ ತೆಗೆದೆ. ಹೊಡೆದುಹಾಕಿದ ಗೆರೆಯ ಕೆಳಗೆ ಹುತ್ತ ಎಂಬ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ಅದರ ಮೇಲಿನ ಸಿಂಹ ಇಕ್ಕಟ್ಟಿನಲ್ಲಿ ಸೊಟ್ಟಗೆ ಕೂತಿತ್ತು. ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ನನಗೆ ಆ ಬಾಲದ ಮೇಲೆ ಸಿಟ್ಟು ಬಂತು. ನನ್ನ ಮೇಲೂ ಬಂತು. ಎಂಟು ತಿಂಗಳು ಧೂಳು ತಿಂದು, ನದಿ ದಾಟಿ, ಮೈಯೆಲ್ಲ ನುಗ್ಗಾಗಿ, ನಾನು ಕಣ್ಣಾರೆ ಕಂಡದ್ದನ್ನು ಒಂದು ಹಾಸಿಗೆಗೆ ಕೊಟ್ಟುಬಿಟ್ಟಿದ್ದೆ. ಅದು ನಮ್ಮ ಹುತ್ತ. ಎರಡು ಗಂಟೆ ಉಸಿರು ಬಿಗಿಹಿಡಿದು ನಾವು ನೋಡಿದ್ದು.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಾಗಿಲವನ ಮುಂದೆ ಹೋಗಿ ನಿಂತೆ. "ನನ್ನನ್ನು ಮತ್ತೆ ಕೇಳಿ" ಎಂದೆ.

"ನಿಮ್ಮದು ಮುಗಿದಿದೆಯಲ್ಲ ಸ್ವಾಮಿ."

"ಮುಗಿದಿಲ್ಲ. ಕೇಳಿ."

ಅವನು ಕೇಳಿದ. ಇಲ್ಲ, ನಾನು ಕಂಡದ್ದು ಹುತ್ತ, ಬಾಲ ನಾನು ಅಂಟಿಸಿದ್ದು ಎಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಬೆನ್ನು ನೋಯಲಿಲ್ಲ. ಹಿಂದಿನಿಂದ ಡ್ರೈವರ್ ನನ್ನನ್ನು ಬಾಯಿಗೆ ಬಂದ ಹಾಗೆ ಬೈದ. ನಾನು ಬೈಸಿಕೊಂಡೆ.

ಕ್ಯಾಮೆರಾದವನು ಸ್ವಲ್ಪ ಹೊತ್ತು ಉಗುರು ಕಚ್ಚುತ್ತಾ ನಿಂತಿದ್ದ. ಆಮೇಲೆ, ಅವತ್ತಿನಿಂದ ತೆರೆದೇ ನೋಡದಿದ್ದ ತನ್ನ ಚಿತ್ರವನ್ನು ತೆರೆದು ನೋಡಿದ. ಕಿವಿ ಇರಲಿಲ್ಲ. ಚಿತ್ರದಲ್ಲಿ ಇದ್ದದ್ದು ಹುತ್ತ, ಅದರ ಪಕ್ಕ ಇನ್ನೊಂದು ಚಿಕ್ಕ ಹುತ್ತ. ಅವನು ಅದನ್ನು ತಂದು ಬಾಗಿಲವನಿಗೆ ತೋರಿಸಿದ. ಬಾಗಿಲವನು ಚಿತ್ರವನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಯಾರಿಗೂ ಕೇಳಿಸದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ: "ಹಾಗಾದ್ರೆ ಇದು ಅಲ್ವಾ? ಸಿಂಹ ಅಂದ್ರೆ ನಿಜಕ್ಕೂ ಹೇಗಿರುತ್ತೆ ಸ್ವಾಮಿ? ನಾನು ಒಳಗೇ ಹುಟ್ಟಿದವನು, ಕದ ಬಿಟ್ಟು ಬೇರೆ ಕಡೆ ನೋಡಿಲ್ಲ."

"ನನಗೂ ಗೊತ್ತಿಲ್ಲ" ಎಂದೆ. ಆ ಉತ್ತರ ಅವನಿಗೆ ಯಾಕೋ ಹಿಡಿಸಿತು.

ಅಡುಗೆಯಮ್ಮ ಮಧ್ಯಾಹ್ನದ ಎಲೆಕೋಸು ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು, ಚಾಕು ಕೈಯಲ್ಲೇ ಹಿಡಿದು ಹೋಗಿ ತನ್ನ ಮಾತು ವಾಪಸು ತೆಗೆದುಕೊಂಡಳು. ಅವಳ ಹಿಂದೆ ಇನ್ನೂ ನಾಲ್ಕಾರು ಜನ ಹೋದರು. ಎಲ್ಲರೂ ಹೋದರು ಎಂದರೆ ಸುಳ್ಳಾಗುತ್ತದೆ. ಕೆಲವರು ಗುಡಾರದೊಳಗೆ ಹೋಗಿ ಪಿನ್ನು ಹಾಕಿಕೊಂಡು ನಮಗೆ ಶಾಪ ಹಾಕಿದರು. ಡ್ರೈವರ್ ಲಾರಿಯ ಮುಂದಿನ ಚಕ್ರಕ್ಕೆ ಒರಗಿ ಕೂತು, ಅದು ಸಿಂಹವೇ, ಅದು ಸಿಂಹವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೊದಲು ಬೆರಳು ತೋರಿಸಿದವನು ಅವನಲ್ಲವೇ, ಅವನ ಕಷ್ಟ ಬೇರೆ.

ಸುದ್ದಿ ಅಷ್ಟು ಹೊತ್ತಿಗೆ ಒಳಗೆ ಹಬ್ಬಿತ್ತು. ಹೊರಗೆ ಕೂತು ಹುತ್ತ, ಹುತ್ತ ಎನ್ನುವ ಒಬ್ಬ ಅಜ್ಜಿ ಬಂದಿದ್ದಾಳಂತೆ ಎಂದು ಜನ ಬೀದಿಯಲ್ಲಿ ಸೇರಿದರು. ಸಿಂಹ ಬರೆದ ಕದಗಳು ಒಂದೊಂದಾಗಿ ತೆರೆದುಕೊಂಡವು. ಗುಂಪು ಇಬ್ಭಾಗವಾಯಿತು. ನಡುವೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದರು. ಬಾಗಿಲವನು ಎದ್ದು ನಿಂತು ಕೈ ಮುಗಿದ. "ಮೊದಲ ಮನೆಯ ಅಮ್ಮ" ಎಂದ ನಮಗೆ. "ಊರಿನ ಮೊದಲ ಸಿಂಹ ಇವರದು. ಇವರ ಕದ ನೋಡಿಕೊಂಡೇ ಉಳಿದವರೆಲ್ಲ ಬರೆದದ್ದು. ಹಳದಿ, ಆಕಳಿಸಿತು ಅನ್ನೋ ಮಾತು ಇವರದೇ."

ಅಜ್ಜಿ ಎದ್ದರು. ಮಂಡಿ ನೋವು ಮರೆತು ಬಾಗಿಲಿನವರೆಗೆ ನಡೆದರು. ಹೊಸ್ತಿಲಿನ ಆ ಕಡೆ ಅಕ್ಕ, ಈ ಕಡೆ ತಂಗಿ. ಇಬ್ಬರಿಗೂ ಒಂದೇ ಹಣೆ, ಒಂದೇ ಗಿಡ್ಡ ಮೂಗು.

"ಪುಟ್ಟಿ" ಎಂದರು ಅಕ್ಕ. ಅರವತ್ತೆಂಟು ವರ್ಷದ ನಮ್ಮ ಅಜ್ಜಿಯನ್ನು.

"ನೀನು ನಿಜ ಕಂಡವಳು ಅಕ್ಕ. ನನಗೆ ಸಿಗಲಿಲ್ಲ. ಎಂಟು ತಿಂಗಳು ಹುಡುಕಿದೆ. ಒಂದು ಹುತ್ತ ಸಿಕ್ತು. ಅದಕ್ಕೇ ಒಳಗೆ ಬರೋಕೆ ಆಗ್ತಿಲ್ಲ, ಕೋಪ ಮಾಡ್ಕೋಬೇಡ."

ಅಕ್ಕ ಕೋಲಿನ ಮೇಲೆ ಎರಡೂ ಕೈ ಇಟ್ಟು ತಂಗಿಯನ್ನೇ ನೋಡಿದರು. ಹಿಂದೆ ಇಡೀ ಊರು ನಿಂತಿತ್ತು. "ಹಳದಿ ಹುಲ್ಲಿನ ಬಯಲಾ?" ಎಂದು ಕೇಳಿದರು.

"ಹೌದು."

"ಪಕ್ಕದಲ್ಲಿ ಇನ್ನೊಂದು ಚಿಕ್ಕದು ಇತ್ತಾ?"

ಅಜ್ಜಿ ಕ್ಯಾಮೆರಾದವನ ಕಡೆ ತಿರುಗಿದರು. ಅವನು ಹೌದೆಂದು ತಲೆ ಆಡಿಸಿದ.

"ನಾನು ಕಂಡದ್ದೂ ಅದನ್ನೇ ಕಣೆ ಪುಟ್ಟಿ" ಎಂದರು ಅಕ್ಕ. ಧ್ವನಿ ಏರಿಸಲಿಲ್ಲ, ಆದರೆ ಊರಿಗೆಲ್ಲ ಕೇಳಿಸಿತು. "ಹುತ್ತ. ಎರಡು ಗಂಟೆ ನೋಡಿದ್ವಿ, ಅದು ಅಲ್ಲಾಡಲಿಲ್ಲ. ಆಕಳಿಸಿದ್ದು ನಾನು. ಸುಸ್ತಾಗಿತ್ತು. ಇಲ್ಲಿ ಬಂದು ಮಲಗಿ ಎದ್ದು, ನಾಳೆ ನಿಜ ಹೇಳಿದ್ರಾಯ್ತು ಅಂದ್ಕೊಂಡೆ. ಎದ್ದು ಬಾಗಿಲು ತೆಗೆದ್ರೆ, ನನ್ನ ಕದ ನೋಡಿ ಬರ್ಕೊಳ್ಳೋಕೆ ಹತ್ತು ಜನ ನಿಂತಿದ್ರು."

ಅಜ್ಜಿಯ ಮುಖ ಕಂದಿತು. ಅದು ನೋವೇ, ಮುಚ್ಚಿಡಬೇಕಾದ್ದೇನಿಲ್ಲ. "ನಿನ್ನ ಸಿಂಹಾನ ನಲವತ್ತೊಂದು ವರ್ಷ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದ್ದೆ ಅಕ್ಕ" ಎಂದರು.

"ಗೊತ್ತು. ಅದಕ್ಕೇ ಎರಡನೇ ಕಾಗದ ಬರೆಯೋಕೆ ಆಗಲಿಲ್ಲ."

ಗಾಳಿ ಬಂತು, ಹುಲ್ಲು ಬಾಗಿ ಎದ್ದಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೂಗು ಏರಿಸಿದರು. "ಸರಿ. ಈಚೆ ಬಾ. ನಮ್ಮದು ಇನ್ನೂ ಊಟ ಆಗಿಲ್ಲ, ನೀನೂ ಕೂತ್ಕೋ. ಎಲೆಕೋಸೇ, ಮೊದಲೇ ಹೇಳ್ತೀನಿ."

ಅಕ್ಕ ಕೋಲು ಮುಂದೆ ಇಟ್ಟರು. ಬಾಗಿಲವನು ಅಡ್ಡ ಬಂದ. "ಅಮ್ಮ, ಆಚೆ ಕಾಲಿಟ್ಟರೆ ಮತ್ತೆ ಒಳಗೆ ಬರೋವಾಗ ನಿಮ್ಮನ್ನೂ ಕೇಳಬೇಕಾಗುತ್ತೆ. ನಾನು ಕೇಳದೆ ಬಿಡೋಕಾಗಲ್ಲ."

"ಆಮೇಲೆ ಯಾಕೆ, ಈಗಲೇ ಕೇಳು."

"ಅಮ್ಮ..."

"ಕೇಳು ಅಂದೆನಲ್ಲ."

ಬಾಗಿಲವನು ನೆಲ ನೋಡುತ್ತಾ ಕೇಳಿದ. "ಸಿಂಹ ಕಂಡಿರಾ?"

"ಇಲ್ಲ" ಎಂದರು ಅಕ್ಕ. ನಲವತ್ತೊಂದು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಸಣ್ಣ ಮಾತು. ಹೇಳಿ ಹೊಸ್ತಿಲು ದಾಟಿದರು.

ಅವರು ನಮ್ಮ ಜೊತೆ ಧೂಳಿನಲ್ಲಿ ಕೂತು ಊಟ ಮಾಡಿದರು. ಮುದ್ದೆ ಚೆನ್ನಾಗಿಲ್ಲ ಎಂದರು. ನಿಜವಾಗಿಯೂ ಚೆನ್ನಾಗಿರಲಿಲ್ಲ, ಅಡುಗೆಯಮ್ಮನಿಗೇ ನಗು ಬಂತು. ಗೋಡೆಯ ಬಾಗಿಲು ತೆರೆದೇ ಇತ್ತು, ಒಳಗಿನವರು ಗುಂಪಾಗಿ ನಿಂತು ನಮ್ಮ ಊಟ ನೋಡುತ್ತಿದ್ದರು. ಮೀಸೆಯ ಸಿಂಹದ ಮನೆಯವನೊಬ್ಬ ಹೊಸ್ತಿಲಿನವರೆಗೆ ಬಂದು, ಒಂದು ಕಾಲು ಹೊರಗಿಟ್ಟು, ಒಳಗೆ ತೆಗೆದು, ಮತ್ತೆ ಹೊರಗಿಟ್ಟ. ನಮಗೆ ಹಾಸಿಗೆ ಸಿಗಲಿಲ್ಲ, ಬಿಸಿನೀರು ಸಿಗಲಿಲ್ಲ, ಲಾರಿಗೆ ಡೀಸೆಲ್ ಸಿಗಲಿಲ್ಲ. ಇವತ್ತಿಗೂ ಆ ಗುಡಾರದ ವಾಸನೆ ನೆನಪಿದೆ. ಆದರೂ ಅವತ್ತು ನನ್ನನ್ನು ಯಾರಾದರೂ ಎತ್ತಿ ಒಳಗೆ ಹಾಕಿದ್ದರೆ ಗೋಡೆ ಹತ್ತಿಯಾದರೂ ಹೊರಗೆ ಬರುತ್ತಿದ್ದೆ.

ಊಟವಾಯಿತು. ತಟ್ಟೆ ತೊಳೆದೆವು. ಸುತ್ತ ನಿಂತೆವು. ಡ್ರೈವರ್ ಕೂಡ ಚಕ್ರ ಬಿಟ್ಟು ಎದ್ದು ಬಂದು, ಎರಡು ತಟ್ಟೆ ಕೈಗೆತ್ತಿಕೊಂಡು ನಿಂತ.

"ಒರೆಸೋಕೆ ಬಟ್ಟೆ ಇಲ್ವಾ?" ಎಂದು ಕೇಳಿದರು ಅಕ್ಕ.

"ಇಲ್ಲ. ಬೀಸಬೇಕು" ಎಂದರು ಅಜ್ಜಿ. ಅಕ್ಕನ ಕೋಲು ಇಸಿದುಕೊಂಡು ಮರಕ್ಕೆ ಒರಗಿಸಿ, ಅವರ ಎರಡು ಕೈಗೂ ಒಂದೊಂದು ತಟ್ಟೆ ಕೊಟ್ಟರು. "ಒಣಗೋ ತನಕ."

ನಾವು ಬೀಸಿದೆವು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಇಬ್ಬರು ಮುದುಕಿಯರು ಪಕ್ಕಪಕ್ಕದಲ್ಲಿ ನಿಂತು ಒಂದೇ ತಾಳಕ್ಕೆ ಬೀಸಿದರು. ಹನಿಗಳು ಧೂಳಿನ ಮೇಲೆ ಬಿದ್ದು ಚುಕ್ಕೆ ಚುಕ್ಕೆಯಾದವು.

ಆಗ ಬಾಗಿಲವನು ಸ್ಟೂಲಿನಿಂದ ಎದ್ದ. ಅವನ ಕಣ್ಣು ನಮ್ಮನ್ನು ದಾಟಿ, ನಮ್ಮ ಬೆನ್ನ ಹಿಂದಿನ ಹುಲ್ಲಿನ ಮೇಲೆ ನಿಂತಿತ್ತು. ಹುಲ್ಲು ಸರಿದ ಸದ್ದು ನನಗೂ ಕೇಳಿಸಿತು. ಏನೋ ಮೈಮುರಿದು ಎದ್ದ ಹಾಗೆ, ನಿಧಾನವಾಗಿ ನಡೆದ ಹಾಗೆ ಒಂದು ಸದ್ದು. ಬಾಗಿಲವನ ಬಾಯಿ ತೆರೆದುಕೊಂಡಿತು. ಅವನ ಹಿಂದೆ ಇಡೀ ಊರಿನ ಬಾಯಿ ತೆರೆದುಕೊಂಡಿತು. ಕೈಯಲ್ಲಿದ್ದ ಕುಂಚ ಅವನು ಕೆಳಗೆ ಬೀಳಿಸಿದ.

ಅದು ಏನು ಎಂದು ಆಮೇಲೆ ಬಹಳ ಜನ ನನ್ನನ್ನು ಕೇಳಿದ್ದಾರೆ. ನನ್ನ ಕೈಯಲ್ಲಿ ಎರಡು ಒದ್ದೆ ತಟ್ಟೆಗಳಿದ್ದವು, ಅಂಚಿನಲ್ಲಿ ಇನ್ನೂ ಹನಿ ಇತ್ತು. ನಾನು ತಿರುಗಲಿಲ್ಲ. ನಾನು ನೋಡಲಿಲ್ಲ, ಹೇಳುವುದಿಲ್ಲ.